ಗೋದಾವರಿ ಒಣಮೀನು ಬಿಟ್ಟದ್ದು

ಅಂಕೋಲೆಯ ಕಡಲಂಚಿನ ಕೇರಿಯಲ್ಲಿ ಗೋದಾವರಿ ಒಣಗಿಸಿದ ತಾರ್ಲೆ ಮೀನಿಗೆ ಹೆಸರಿತ್ತು. ಮೀನನ್ನು ಎರಡು ಬೆರಳಲ್ಲಿ ಒತ್ತಿ ನೋಡಿ, ಇನ್ನೆಷ್ಟು ಬಿಸಿಲು ಬೇಕೆಂದು ಹೇಳಬಲ್ಲವಳು. ಗಂಡ ಜಟ್ಟು ಗೋವೆಯ ಬೋಟಿನಲ್ಲಿ ದುಡಿಯುತ್ತಿದ್ದ, ತಿಂಗಳಿಗೊಮ್ಮೆ ಬರುತ್ತಿದ್ದ. ಮಗಳು ನೀತಾಳನ್ನೂ ಮೀನನ್ನೂ ನೋಡಿಕೊಳ್ಳುವವಳು ಗೋದಾವರಿ ಒಬ್ಬಳೇ.

ಮೊದಲೆಲ್ಲ ನವರಾತ್ರಿ ಕಳೆದರೆ ಆಕಾಶ ತಿಳಿಯಾಗುತ್ತಿತ್ತು. ಎರಡು ಸಾವಿರದ ಆರರ ಸುಮಾರಿಗೆ ಆ ನಂಬಿಕೆ ಕೆಟ್ಟಿತು. ದೀಪಾವಳಿಗೂ ಮಳೆ, ತುಳಸಿ ಮದುವೆಗೂ ಮಳೆ. ಅರೆ ಒಣಗಿದ ಮೀನನ್ನು ಬಾಚಿ ಒಳಗೆ ತರಬೇಕು, ಬಿಸಿಲು ಇಣುಕಿದೊಡನೆ ಮತ್ತೆ ಹೊರಗೆ ಹರವಬೇಕು. ಎರಡೇ ಕೋಣೆಯ ಮನೆ. ಬುಟ್ಟಿಗಳು ಮಗಳ ಹಾಸಿಗೆಯ ತನಕ ಬಂದವು. ಮೀನಿಗೂ ಗೋಡೆಗೂ ಬೂಷ್ಟು ಹಿಡಿಯಿತು. ಗೋದಾವರಿ ಅದನ್ನು ಬಟ್ಟೆಯಲ್ಲಿ ಕೊಡವಿ ಕೊಡವಿ ಮೀನು ಉಳಿಸಿಕೊಂಡಳು.

ಏಳು ವರ್ಷದ ನೀತಾಳಿಗೆ ಕೆಮ್ಮು ಶುರುವಾದದ್ದು ಆಗಲೇ. ಶೀತವೆಂದು ಕಾಳುಮೆಣಸಿನ ಕಷಾಯ ಕುಡಿಸಿದಳು. ಒಂದು ಬೆಳಿಗ್ಗೆ ನೋಡಿದರೆ ಮಗು ಬಾಗಿಲ ದಾರಂದ ಹಿಡಿದು ಕೂತಿದೆ. ಹೆಗಲು ಮೇಲೆ ಕೆಳಗೆ ಆಗುತ್ತಿದೆ, ಎದೆಯೊಳಗೆ ಸಿಳ್ಳೆಯಂಥ ಸದ್ದು.

"ಆಯಿ, ಉಸ್ರು ಒಳಗೆ ಹೋಗೂದಿಲ್ಲ..." ಎಂದು ತಾಯಿಯನ್ನು ಕರೆಯಿತು.

ಅವಳನ್ನು ಎತ್ತಿಕೊಂಡು ಗೋದಾವರಿ ಸಿಕ್ಕ ಟೆಂಪೊ ಹತ್ತಿ ಕಾರವಾರಕ್ಕೆ ಓಡಿದಳು. ಮಗುವಿನ ಮುಖಕ್ಕೆ ಹಬೆಯ ಔಷಧ ಹಿಡಿಸಿ, ಉಸಿರು ತಹಬಂದಿಗೆ ಬಂದ ಮೇಲೆ ಡಾಕ್ಟರು ಕೇಳಿದರು, "ಮನೇಲಿ ಎಂತ ಕೆಲಸ ಮಾಡ್ತ್ರಿ?"

"ಒಣಮೀನು ರೀ."

"ಆ ಬೂಷ್ಟು, ಆ ಧೂಳು ಈ ಹುಡುಗಿಗೆ ಆಗೂದಿಲ್ಲ. ಇಂಥ ಮಕ್ಕಳು ಈಗ ಬಾಳ ಬರ್ತಾವೆ. ಮಳೆ ಕಾಲ ತಪ್ಪಿ ಬಿದ್ರೆ ಮನೆ ಒಣಗೂದು ಯಾವಾಗ?"

"ಮೀನು ಬಿಟ್ರೆ ಗುಣ ಆಗ್ತದ್ಯಾ?"

"ಕಡ್ಮೆ ಆಗ್ಬಹುದು," ಎಂದಷ್ಟೇ ಅಂದರು.

ಅಷ್ಟೇ ಸಾಕಾಯಿತು ಅವಳಿಗೆ. ಬುಟ್ಟಿ, ಚಾಪೆ, ಉಪ್ಪಿನ ಮರಿಗೆ ಎಲ್ಲವನ್ನೂ ಪಕ್ಕದ ಗಂಗಿಗೆ ಕೊಟ್ಟಳು. ಗೋಡೆಗೆ ಸುಣ್ಣ ಬಳಿದಳು. ಪೇಟೆಯ ಖಾನಾವಳಿಯಲ್ಲಿ ಪಾತ್ರೆ ತೊಳೆಯಲು ಸೇರಿದಳು. ಸಂಜೆ ದಂಡೆಯಲ್ಲಿ ಹೆಂಗಸರು ಮೀನು ಹರವಿ ನಗುವುದು ಕೇಳಿದರೆ ಕಣ್ಣು ತುಂಬುತ್ತಿತ್ತು. ಬೇಗ ಬೇಗ ದಾಟಿ ಹೋಗುತ್ತಿದ್ದಳು. ಬೇಸಿಗೆಯಿಡೀ ನೀತಾ ಕೆಮ್ಮಲಿಲ್ಲ.

ಮಳೆಗಾಲ ಬಂತು, ಹೋಗಬೇಕಾದ ಹೊತ್ತಿಗೆ ಹೋಗಲಿಲ್ಲ. ಸುಣ್ಣದ ಮೇಲೇ ಕಪ್ಪು ಬೂಷ್ಟು ಎದ್ದಿತು. ಕಾರ್ತಿಕದಲ್ಲಿ ಮಗುವಿಗೆ ಮತ್ತೆ ದಮ್ಮು, ಈ ಸಲ ಮೊದಲಿಗಿಂತ ಜೋರು. ಆಸ್ಪತ್ರೆಗೆ ಬಂದ ಅಕ್ಕ ಕಲಾವತಿಯ ಕೈ ಹಿಡಿದು ಗೋದಾವರಿ ಅತ್ತಳು.

"ಮೀನೂ ಬಿಟ್ಟೆನಲ್ಲೆ ಅಕ್ಕಾ. ಇನ್ನೆಂತ ಬಿಡ್ಬೇಕು ನಾನು?"

ಕಲಾವತಿ ಹೇಳಿದಳು, "ಮಗೂನ ನನ್ ಹತ್ರ ಬಿಡೆ ಗೋದು. ಹಣಕೋಣದ ನಮ್ ಮನೆ ದಿಬ್ಬದ ಮೇಲದೆ. ಗಾಳಿ ಬೆಳಕು ಅದೆ, ಗೋಡೆ ಒದ್ದೆಯಾಗೂದಿಲ್ಲ."

ಗೋದಾವರಿ ಮಗಳ ಬಟ್ಟೆ, ಪುಸ್ತಕ, ಆಸ್ಪತ್ರೆಯಲ್ಲಿ ಕೊಟ್ಟ ಉಸಿರಿನ ಪಂಪು ಚೀಲಕ್ಕೆ ತುಂಬಿದಳು. ಬಿಟ್ಟು ಬರುವ ದಿನ ನೀತಾ ಅವಳ ಸೆರಗು ಹಿಡಿದು, "ನಾನು ಕೆಮ್ಮೂದಿಲ್ಲ ಆಯಿ, ಕರ್ಕೊಂಡ್ ಹೋಗು," ಎಂದು ಬೇಡಿಕೊಂಡಳು. ಗೋದಾವರಿ ಒಂದೊಂದೇ ಬೆರಳು ಬಿಡಿಸಿಕೊಂಡು ಬಂದಳು.

ಮುಂದೆ ಪ್ರತಿ ಭಾನುವಾರ ಕಾಳಿ ಸೇತುವೆ ದಾಟಿ ಹಣಕೋಣಕ್ಕೆ ಹೋಗಿಬಂದಳು. ಮಗು ಮೈ ತುಂಬಿಕೊಂಡಿತು, ಓಡಿ ಆಡತೊಡಗಿತು. ಮೂರನೇ ವರ್ಷಕ್ಕೆ ಪಂಪು ಹೊರಗೆ ತೆಗೆಯುವುದೇ ಅಪರೂಪವಾಯಿತು. ದೇವರು ದೊಡ್ಡವನು ಎನ್ನುತ್ತಿದ್ದಳು ಗೋದಾವರಿ, ಕೇಳಿದವರಿಗೆಲ್ಲ.

ಹಾಗೊಂದು ಭಾನುವಾರ ಅಕ್ಕತಂಗಿಯರು ಒಳಗೆ ಚಾ ಕುಡಿಯುತ್ತಿದ್ದರು. ಅಂಗಳದಲ್ಲಿ ಆಡುತ್ತಿದ್ದ ನೀತಾ ಬಿದ್ದು, "ಆಯೀ!" ಎಂದು ಕೂಗಿದಳು. ಗೋದಾವರಿ ಲೋಟ ಇಟ್ಟು ಓಡಿದಳು. ಮಗು ಅವಳನ್ನು ದಾಟಿ ಹೋಗಿ, ಹಿಂದೆ ಬಂದ ಕಲಾವತಿಯ ಸೊಂಟ ತಬ್ಬಿಕೊಂಡಿತು.

ಕಲಾವತಿಗೆ ತಂಗಿಯ ಮುಖ ನೋಡಲಾಗಲಿಲ್ಲ. ಗೋದಾವರಿ ಬಗ್ಗಿ, ಮಗಳ ಮೊಣಕಾಲಿನ ಮಣ್ಣು ಒರೆಸಿದಳು. "ಬಾಳ ಪೆಟ್ಟಾಯ್ತಾ ಮಗಾ?" ಎಂದು ಕೇಳಿದಳು.