ಎಲ್ಲರ ಮೇಡಂ

ತಕ್ಕಡಿಗೆ ಹಾಕಿದರೆ ಒಂದು ಬಟ್ಟೆಗಂಟಿನಷ್ಟೂ ತೂಗದ ಜೀವ. ಬಾಯಿ ತೆರೆದರೆ ಮಾತ್ರ ಇಡೀ ವಿಶ್ವವಿದ್ಯಾಲಯದ ತಟ್ಟೆ ಮೇಲೇಳುತ್ತದೆ. ಓದಲು ಬಂದ ಯಾರೂ ಹೊರಗುಳಿಯದಂತೆ ನೋಡಿಕೊಳ್ಳುವುದು ಅಲ್ಲಿ ಅವರ ಕೆಲಸ. ಹಾಗಾಗಿ ‘ಎಲ್ಲರ ಮೇಡಂ’ ಎಂದೇ ಹೆಸರು. ಬಾಗಿಲು ಕಂಡರೆ ಸಾಕು, ಚೀಲದಿಂದ ಟೇಪು ತೆಗೆದು ಗಾಲಿಕುರ್ಚಿ ಹಿಡಿಸುತ್ತದೆಯೇ ಎಂದು ಅಳೆಯುತ್ತಾರೆ. ನನ್ನ ಬಟ್ಟೆ ಅಂಗಡಿಯನ್ನೂ ಬಿಡಲಿಲ್ಲ: “ಏನ್ ಯಜಮಾನ್ರೇ, ನಡೆಯೋಕಾಗದವ್ರು ಬಟ್ಟೆ ಹಾಕ್ಕೊಳ್ಳಲ್ವಾ?” ಸಭೆಯಲ್ಲಿ ಕುಲಪತಿಗಳು ಬಂದವರನ್ನು ಸ್ವಾಗತಿಸಿದರೆ ಇವರು ಎದ್ದು, “ಬಂದೋರು ಇರ್ಲಿ ಸಾರ್, ಬರೋಕಾಗದೆ ಇರೋರು ಯಾರು?” ಎನ್ನುತ್ತಾರೆ. “ಶುರುವಾಯ್ತಪ್ಪ ಪುರಾಣ” ಎಂದು ಹಿಂದಿನ ಸಾಲು ಗೊಣಗುತ್ತಿತ್ತು. ಅಲ್ಲೇ ಓದುತ್ತಿದ್ದ, ಕಿವಿ ಕೇಳದ ನನ್ನ ಮಗಳಿಗೆ ಪಾಠವನ್ನು ಕೈಸನ್ನೆಯಲ್ಲಿ ತಿಳಿಸುವವರು ಬೇಕೆಂದು ಪಟ್ಟು ಹಿಡಿದು, ಒಲ್ಲೆನೆಂದ ಹಿರಿಯ ಪ್ರಾಧ್ಯಾಪಕರ ಮೇಲೆ ದೂರು ಕೊಟ್ಟ ಮೇಲೆ ಆ ಗೊಣಗಾಟವೂ ನಿಂತಿತು. ಸಹೋದ್ಯೋಗಿಗಳು ಮಾತೇ ಬಿಟ್ಟರು. ಪರದೆ ಅಳತೆಗೆಂದು ಅಧ್ಯಾಪಕರ ಕೊಠಡಿಗೆ ಹೋದಾಗ ಕಣ್ಣಾರೆ ಕಂಡೆ. ಮೇಡಂ ಊಟದ ಡಬ್ಬಿ ಹಿಡಿದು ಬಂದರು, ಕೂತಿದ್ದವರ ನಗು ಆರಿತು, ಖಾಲಿ ಕುರ್ಚಿಯ ಮೇಲೆ ಯಾರೋ ಚೀಲ ಇಟ್ಟರು. “ಅಲ್ಲಿ ಒಬ್ರು ಬರ್ತಾರೆ ಮೇಡಂ.” “ಅಯ್ಯೋ, ಅವ್ರು ಕೂತ್ಕೊಳ್ಲಿ ಬಿಡಿ,” ಎಂದು ನಕ್ಕು, ಕಿಟಕಿಯ ಬಳಿ ನಿಂತೇ ಉಂಡರು. ಯಾರೂ ಬರಲಿಲ್ಲ. ನನ್ನ ಮಗಳು ಪದವಿ ಪಡೆದಳು. ಆ ಪದವಿಗೆ ಬೆಲೆ ತೆತ್ತವರು ಇವರು, ಋಣ ನನ್ನ ಮೇಲಿದೆ.