ಒತ್ತಿದರೆ ತೆರೆಯದ ಕುಂಕುಮದ ಭರಣಿ

ಬೆಳಿಗ್ಗೆ ಕಾಫಿ ಲೋಟ ಹಿಡಿದು ಮೇಲ್ ತೆರೆದರೆ ಕೆಂಗೇರಿಯ ದೊಡ್ಡಮ್ಮನ ಪತ್ರ. "ಈ ಸಲ ಗೊಂಬೆ ನಮ್ಮನೆಯಲ್ಲಿ. ಇಬ್ಬರೂ ಬನ್ನಿ." ಕೆಳಗೆ ಬೆಳ್ಳಿಯ ಕುಂಕುಮದ ಭರಣಿಯ ಚಿತ್ರ. ಚಿತ್ರ ಕಂಡರೆ ಒತ್ತುವುದು ನನ್ನ ಹಳೆಯ ಚಟ. ಒತ್ತಿದೆ. ಏನೂ ತೆರೆಯಲಿಲ್ಲ. ಇನ್ನೊಮ್ಮೆ ಒತ್ತಿದೆ. ಊಹೂಂ.

ಈ ಚಟದ ಬಗ್ಗೆ ನಿಮಗೆ ಸ್ವಲ್ಪ ಹೇಳಬೇಕು. ಮೇಲ್‌ನೊಳಗೆ ಚಿತ್ರ ಕೂರಿಸಿ ಅದಕ್ಕೊಂದು ಲಿಂಕ್ ಹಾಕುವುದನ್ನು ನಾನು ಕಲಿತದ್ದು ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದಾಗ. ಕಲಿತ ಮೇಲೆ ಕೈ ಸುಮ್ಮನಿರಬೇಕಲ್ಲ. ಗೆಳತಿಯ ಹುಟ್ಟುಹಬ್ಬಕ್ಕೆ ಬರೆದರೆ ಕೇಕ್ ಒತ್ತಿದರೆ ಹಾಡು, ಗುಲಾಬಿ ಒತ್ತಿದರೆ ನಮ್ಮ ಹಳೆಯ ಪ್ರವಾಸದ ಫೋಟೋ, ಮೂಲೆಯ ಬೆಕ್ಕನ್ನು ಒತ್ತಿದರೆ ಬಿಸಿಬೇಳೆಬಾತಿನ ವಿಡಿಯೋ. ಕೊನೆಗೆ ಅವಳೇ ಫೋನ್ ಮಾಡಿ, "ನಿನ್ ಮೇಲ್ ಓದಕ್ಕೇ ಆಗ್ತಿಲ್ಲ ಕಣೇ. ಎಲ್ಲಿ ಮುಟ್ಟಿದ್ರೂ ಎಲ್ಲಿಗೋ ಹೋಗ್ತೀನಿ" ಎಂದಳು. ನಾನದನ್ನು ಹೊಗಳಿಕೆ ಎಂದೇ ತಿಳಿದೆ.

ಆ ವಿದ್ಯೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಒಮ್ಮೆ ಮಾತ್ರ, ಅದೂ ನನ್ನ ತಪ್ಪಿನಿಂದ. ರಾಜಾಜಿನಗರದ ನಮ್ಮ ಮನೆಯಲ್ಲಿ ಅಮ್ಮ ದಸರೆಗೆ ಗೊಂಬೆ ಕೂರಿಸುತ್ತಾಳೆ. ಗೊಂಬೆಗೆ ಕರೆಯುವುದೆಂದರೆ ಮನೆಗೇ ಹೋಗಿ ಕುಂಕುಮ ಕೊಟ್ಟು ಕರೆಯಬೇಕು. ಒಂದು ವರ್ಷ ಮಂಡಿ ನೋವೆಂದು ಅಮ್ಮ ತನ್ನ ಅಕ್ಕನನ್ನು, ಅಂದರೆ ದೊಡ್ಡಮ್ಮನನ್ನು, ಫೋನಿನಲ್ಲೇ ಕರೆದಳು. "ಬೇರೆಯವರನ್ನ ಹಾಗೆ ಕರಿ. ನನ್ನನ್ನೂ ಹಾಗೇ ಕರೀತೀಯಾ?" ಎಂದರು ದೊಡ್ಡಮ್ಮ. ಆ ವರ್ಷ ಬರಲಿಲ್ಲ. ಮರುವರ್ಷವೂ ಇಲ್ಲ. ಸಂಜೆ ಆರತಿ ತಟ್ಟೆ ಹಿಡಿದ ಅಮ್ಮ ಗೇಟಿನ ಸದ್ದಿಗೆಲ್ಲ ತಿರುಗಿ ನೋಡುವಾಗ ನನಗೆ ಸಂಕಟವಾಗುತ್ತಿತ್ತು.

ಮೂರನೆಯ ವರ್ಷ ನಾನೇ ಮುಂದಾದೆ. ದೊಡ್ಡಮ್ಮ ಶಾಲೆಯಲ್ಲಿ ಕ್ರಾಫ್ಟ್ ಟೀಚರ್ ಆಗಿದ್ದವರು. ಮೊಬೈಲಿನ ಗುಂಪುಗಳೆಂದರೆ ಅವರಿಗೆ ಸಂತೆ. ಮೇಲ್ ಎಂದರೆ ತಮ್ಮ ಹೆಸರಿಗೆ ಬಂದ ಪತ್ರ, ತಪ್ಪದೆ ಓದುತ್ತಿದ್ದರು. ಅಮ್ಮನ ಭರಣಿಯ ಫೋಟೋ ಹಾಕಿ, ಅದನ್ನು ಒತ್ತಿದರೆ ಸಾಲಾಗಿ ಕೂರಿಸಿದ ಗೊಂಬೆಗಳು ಕಾಣುವಂತೆ ಲಿಂಕ್ ಕೊಟ್ಟೆ. "ಕುಂಕುಮ ಮುಟ್ಟಿ ಒಳಗೆ ಬನ್ನಿ" ಎಂದು ಬರೆದೆ. ಅಮ್ಮ ಕನ್ನಡಕ ಏರಿಸಿ ನೋಡಿ, "ಅಕ್ಕ ಒಪ್ಪಲ್ಲ ಬಿಡು. ಆದ್ರೂ ಕಳ್ಸು" ಎಂದಳು.

ಮಾರನೆಯ ಮಧ್ಯಾಹ್ನ ನಾವು ಊಟದಲ್ಲಿದ್ದಾಗ ದೊಡ್ಡಮ್ಮ ಬಂದೇಬಿಟ್ಟರು. ವಿಜಯನಗರದವರೆಗೆ ಮೆಟ್ರೋ, ಅಲ್ಲಿಂದ ಆಟೋ. ಚಪ್ಪಲಿ ಬಿಟ್ಟವರೇ "ರಾಣಿ ಎಲ್ಲಿ?" ಎಂದು ಕೇಳಿದರು.

ಅಮ್ಮನ ಮುಖ ಸಪ್ಪಗಾಯಿತು. ನಮ್ಮ ಪಟ್ಟದ ಗೊಂಬೆಗಳು, ಆ ಮರದ ರಾಜ ರಾಣಿಯರು, ಅಜ್ಜಿಯ ಕಾಲದವು. ಹಿರಿಮಗಳಾದ ದೊಡ್ಡಮ್ಮನಿಗೆ ಬರಬೇಕಿದ್ದ ಜೋಡಿ. "ಅವಳಿಗೆ ಆಸೆ, ಅವಳಿಗೇ ಕೊಡಿ" ಎಂದು ಅಮ್ಮನ ಮದುವೆಯಲ್ಲಿ ಬಿಟ್ಟುಕೊಟ್ಟಿದ್ದರು. ನಾನು ಮೇಲ್ ಕಳಿಸಿದ ಆ ವರ್ಷ ಪೆಟ್ಟಿಗೆಯಿಂದ ತೆಗೆಯುವಾಗ ರಾಣಿಯ ಕೈ ಮುರಿದಿತ್ತು. ಯಾವ ಅಂಟು ಬೇಕೆಂದು ಅಂಗಡಿಯಲ್ಲಿ ತೋರಿಸಲು ನಾನೊಂದು ಫೋಟೋ ತೆಗೆದಿದ್ದೆ: ಹಳೇ ಪೇಪರಿನ ಮೇಲೆ ರಾಣಿ, ಪಕ್ಕದಲ್ಲಿ ಅವಳ ಕೈ. ಆದರೆ ಅಮ್ಮ ಜರಿಯ ತುಂಡು ಹೊದಿಸಿ ಮುಚ್ಚಿಬಿಟ್ಟಳು, ಅಕ್ಕನಿಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಳು. ಗೊಂಬೆಸಾಲಿನ ಬದಲು ನಾನು ಕೈತಪ್ಪಿ ಭರಣಿಗೆ ಕೊಟ್ಟ ಲಿಂಕ್ ಆ ಫೋಟೋದ್ದೇ ಆಗಿತ್ತು.

"ನೀನು ಬೈತೀಯ ಅಂತ ಹೇಳ್ಲಿಲ್ಲ ಅಕ್ಕ."

"ಬೈಯಕ್ಕೇ ಬಂದಿರೋದು. ಮೊದ್ಲು ಆ ಮುರಿದಿದ್ದು ಎಲ್ಲಿಟ್ಟಿದೀಯ, ತಗೊಂಬಾ."

ಬ್ಯಾಗಿನಿಂದ ಅಂಟು, ನೂಲು, ಹಳೆಯ ಬ್ರಷ್ಷು ಹೊರಬಂದವು. ಅಮ್ಮ ರಾಣಿಯನ್ನು ಹಿಡಿದಳು, ದೊಡ್ಡಮ್ಮ ನೂಲು ಸುತ್ತಿದರು. "ಅಲ್ಲಾಡಿಸ್ಬೇಡ್ವೇ." "ನಾನೆಲ್ಲಿ ಅಲ್ಲಾಡಿಸಿದೆ?" ಹೀಗೇ ಒಂದು ಗಂಟೆ. ಅಂಟು ಒಣಗಿದ ಮೇಲೆ ಅಮ್ಮ ಕುಂಕುಮದ ಭರಣಿ ಹಿಡಿದಳು. ದೊಡ್ಡಮ್ಮ ಹಣೆ ಮುಂದೆ ಮಾಡಿದರು. "ಎರಡು ವರ್ಷ ಹಬ್ಬ ಅಂತಾನೇ ಅನ್ನಿಸ್ಲಿಲ್ಲ ನಂಗೆ" ಎಂದಳು ಅಮ್ಮ. "ನಂಗೇನು ಅನ್ನಿಸ್ತಾ?" ಎಂದರು ದೊಡ್ಡಮ್ಮ. ನನಗೆ ಎಷ್ಟು ಸಂತೋಷವಾಯಿತೆಂದರೆ, ತಪ್ಪು ನನ್ನದೆಂದು ಒಪ್ಪಿಕೊಳ್ಳುವುದೂ ಮರೆತುಹೋಯಿತು. ಹೊರಡುವ ಮುಂಚೆ ದೊಡ್ಡಮ್ಮ ಪಕ್ಕದಲ್ಲಿ ಕೂತು ಲಿಂಕ್ ಹಾಕುವುದನ್ನು ಕಲಿತುಕೊಂಡೇ ಹೋದರು.

ಈ ವರ್ಷ ಅಮ್ಮ ರಾಜ ರಾಣಿಯರನ್ನು ತಾನೇ ಅಕ್ಕನ ಮನೆಗೆ ಕಳಿಸಿದ್ದಾಳೆ. ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ ಎಂದು ಅವರಿಬ್ಬರ ಒಪ್ಪಂದ.

ಭರಣಿ ತೆರೆಯದ್ದಕ್ಕೆ ನಾನು ಫೋನ್ ಮಾಡಿದೆ. "ಲಿಂಕ್ ಹಾಕೋದು ಮರೆತ್ರಾ ದೊಡ್ಡಮ್ಮ?"

"ಮರೀಲಿಲ್ಲ ಕಣೇ. ಹಾಕಿದ್ರೆ ನೀನು ಕೂತಲ್ಲೇ ನೋಡಿ ಮುಗಿಸ್ತೀಯ. ಬಂದು ನೋಡು."

ಉತ್ತರ ಬರೆಯಲೆಂದು ಆರಿಸಿಟ್ಟಿದ್ದ ಹೂವಿನ ಚಿತ್ರವನ್ನು ಹಾಗೇ ಬಿಟ್ಟು ಎದ್ದೆ. ಫೋನಿನ ಮಾತು ಕೇಳಿಸಿಕೊಂಡ ಅಮ್ಮ ಆಗಲೇ ಚಪ್ಪಲಿ ಹಾಕಿ, ಮಲ್ಲಿಗೆ ಪೊಟ್ಟಣ ಹಿಡಿದು ಗೇಟಿನಾಚೆ ನಿಂತಿದ್ದಳು. ಮಂಡಿ ನೋವಿನ ಮಾತು ಅವಳು ಎತ್ತಲಿಲ್ಲ, ನಾನೂ ಕೇಳಲಿಲ್ಲ.