ಹೆಲ್ಮೆಟ್ಟಿನೊಳಗಿನ ಸ್ಪ್ಯಾನಿಷ್

ಔಷಧದಂಗಡಿಗಳ ಆರ್ಡರ್ ಹಿಡಿಯಲು ಬೈಕಲ್ಲಿ ಊರೂರು ಸುತ್ತುವ ನನಗೆ ಐವತ್ತನೇ ವಯಸ್ಸಿಗೆ ಸ್ಪ್ಯಾನಿಷ್ ಕಲಿಯುವ ಹುಚ್ಚು ಹತ್ತಿತು. ಯಾಕೆ ಅಂತ ನನಗೂ ಗೊತ್ತಿಲ್ಲ. ಮೊನ್ನೆ ಹೊನ್ನಾಳಿಯಿಂದ ಮನೆಗೆ ಬರುವಾಗ ‘ಹಾಡು’ ಎಂಬ ಕ್ರಿಯಾಪದವನ್ನು ಹೆಲ್ಮೆಟ್ಟಿನೊಳಗೇ ಜೋರಾಗಿ ಉರುಹೊಡೆಯುತ್ತಿದ್ದೆ. ನ್ಯಾಮತಿ ಹತ್ತಿರ ಪೊಲೀಸರೊಬ್ಬರು ಕೈ ಅಡ್ಡ ಹಿಡಿದರು.

“ಗಾಡಿ ಓಡಿಸ್ತಾ ಫೋನಲ್ಲಿ ಮಾತಾಡ್ತೀರಲ್ರೀ? ದಂಡ ಕಟ್ರಿ.”

“ಫೋನಲ್ಲ ಸಾರ್, ಸ್ಪ್ಯಾನಿಷ್ ಪಾಠ.”

“ಹೌದಾ? ಹಂಗಾದ್ರೆ ಒಪ್ಪಿಸ್ರಿ ನೋಡಾನ.”

ಹೆಲ್ಮೆಟ್ ತೆಗೆದು ಕೈಕಟ್ಟಿ ನಿಂತೆ. ಕಾಂತೊ, ಕಾಂತಾಸ್, ಕಾಂತಾ. ಹಾಡುತ್ತೇನೆ, ಹಾಡುತ್ತೀಯ, ಹಾಡುತ್ತಾಳೆ. ವರ್ತಮಾನ ಮುಗಿಸಿ ಭೂತಕ್ಕೆ ಹೋದೆ, ಅಲ್ಲಿಂದ ಭವಿಷ್ಯತ್ತಿಗೆ ಬಂದೆ. ಪಕ್ಕದಲ್ಲಿ ಎಳನೀರು ಕುಡಿಯುತ್ತಿದ್ದವರು ಸುತ್ತ ನೆರೆದರು. ನನಗೂ ಹುರುಪು ಬಂತು. ಆಜ್ಞೆಯ ರೂಪ ಒಪ್ಪಿಸಿ ‘ಹಾಡಿದ್ದರೆ’ ಎಂಬಲ್ಲಿಗೆ ಬರುವಷ್ಟರಲ್ಲಿ ಪೊಲೀಸರು ಕೈಯೆತ್ತಿದರು.

“ಸಾಕು ನಿಲ್ಸ್ರಿ. ನೀವು ಫೋನಲ್ಲಿ ಮಾತಾಡಿಲ್ಲ ಅಂತ ಗ್ಯಾರಂಟಿ ಆತು.”

“ಉಚ್ಚಾರಣೆ ಸರಿ ಇತ್ತಾ ಸಾರ್?” ಅಂತ ಕೇಳಿಯೇಬಿಟ್ಟೆ.

“ಅದು ನಂಗೆ ಗೊತ್ತಿಲ್ರೀ. ಆದ್ರೆ ಆ ಕಡೆ ಯಾರಾದ್ರೂ ಇದ್ದಿದ್ರೆ ಇಷ್ಟೊತ್ತಿಗೆ ಫೋನ್ ಇಟ್ಟಿರೋರು.”

ಮನೆಗೆ ಬಂದು ಹೆಂಡತಿಗೆ ಹೇಳಿದೆ. “ಅಷ್ಟೊತ್ತು ನಿಂತು ಕೇಳಿದ ಆ ಪೊಲೀಸಪ್ಪಗೆ ಒಂದು ಎಳನೀರಾದ್ರೂ ಕುಡಿಸಿದ್ರಾ?” ಅಂದಳು.